ಕೇಳದೆ ಕಿವಿಗೆ ಬಿದ್ದ ಹಾಡುಗಳು

ನನಗೆ ಗೊತ್ತಿದ್ದ ಬಳ್ಳಾರಿಯ ಕ್ಯಾಸೆಟ್ ಅಂಗಡಿಗಳೆಲ್ಲ ಈಗ ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು ಮಾರುವ ಅಂಗಡಿಗಳಾಗಿವೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಓಡದ ಸರಕನ್ನು ಧೂಳು ಒರೆಸುತ್ತ ಇಟ್ಟುಕೊಂಡು ಕೂರಲು ಯಾವ ವ್ಯಾಪಾರಿಗೂ ಆಗುವುದಿಲ್ಲ. ಆದರೆ ಹಳೆಯ ಕ್ಯಾಸೆಟ್ಟು, ಗ್ರಾಮಾಫೋನ್ ಪ್ಲೇಟುಗಳ ಮಾತು ಬಂದಾಗಲೆಲ್ಲ ನನ್ನ ಓರಿಗೆಯವರು ಟೇಪಿನ ‘ಸ್ಸ್’ ಎನ್ನುವ ಸದ್ದನ್ನೂ, ಪ್ಲೇಟಿನ ಮೇಲೆ ಮುಳ್ಳು ಇಳಿಯುವಾಗಿನ ಚಟಪಟವನ್ನೂ ನೆನೆದು ನಿಟ್ಟುಸಿರು ಬಿಡುವುದನ್ನು ಕಂಡರೆ ನನಗೆ ಸಣ್ಣದೊಂದು ತಕರಾರಿದೆ. ಆ ಸದ್ದು ಟೇಪಿನ ಕೊರತೆ. ಅದನ್ನು ತಗ್ಗಿಸುವುದಕ್ಕಾಗಿಯೇ ಡಾಲ್ಬಿ ಎಂಬ ಏರ್ಪಾಡು ಹುಟ್ಟಿಕೊಂಡಿತು. ಅದೇ ಹಾಡು ಇವತ್ತು ಮೊಬೈಲಿನಲ್ಲಿ ಅಂದಿಗಿಂತ ಸ್ವಚ್ಛವಾಗಿಯೇ ಕೇಳಿಸುತ್ತದೆ. ನನಗೆ ನೆನಪಾಗುವುದು ಅಂಗಡಿಯ ಗಲ್ಲೆಯ ಮುಂದೆ ಸರದಿಗಾಗಿ ಕಾಯುತ್ತ ನಿಂತಿದ್ದಾಗ, ಪಕ್ಕದವರು ಕೇಳಿದ ಹಾಡು ನನ್ನ ಕಿವಿಗೂ ಬೀಳುತ್ತಿದ್ದ ಆ ಸಂದರ್ಭ.

ತೇರು ಬೀದಿಯಿಂದ ಒಳಕ್ಕೆ ಹೊರಳುವ ಓಣಿಯೊಂದರಲ್ಲಿ ಅಂಥ ಅಂಗಡಿಯೊಂದಿತ್ತು. ಒಳಗಿನವರು ಹೊರಗೆ ಬರಬೇಕಾದರೆ ಹೊರಗಿನವರು ಮೆಟ್ಟಿಲು ಇಳಿದು ದಾರಿ ಬಿಡಬೇಕು, ಅಷ್ಟು ಕಿರಿದು. ಮೂರು ಗೋಡೆಗಳಿಗೂ ನೆಲದಿಂದ ಸೂರಿನ ತನಕ ಮರದ ಪಟ್ಟಿಗಳನ್ನು ಬಡಿದು, ಹೆಸರು ಬರೆದ ಅಂಚು ಕಾಣುವಂತೆ ಕ್ಯಾಸೆಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಎಡಗೋಡೆ ಕನ್ನಡಕ್ಕೆ, ಬಲಗೋಡೆ ತೆಲುಗಿಗೆ, ಎದುರಿನದು ಹಿಂದಿ ಹಾಡು ಮತ್ತು ಕವ್ವಾಲಿಗೆ. ಅಂಗಡಿಯವರನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಭಾಯಿ ಎಂದೇ ಕರೆಯುತ್ತಿದ್ದರು. ಭಕ್ತಿಗೀತೆಗಳು ಅವರ ಬೆನ್ನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದವು. ಬೆಳಗಿನ ಬೋಣಿ ಹೆಚ್ಚಾಗಿ ಅಲ್ಲಿಂದಲೇ ಆಗುತ್ತಿತ್ತು. ಮಂತ್ರಾಲಯದ ರಾಯರ ಹಾಡುಗಳು, ದಾಸರ ಪದಗಳು, ಸುಪ್ರಭಾತಗಳ ನಡುವೆ ಘಂಟಸಾಲ ಅವರ ಭಗವದ್ಗೀತೆಯದೂ ಒಂದು ಸಾಲು. ತೆಲುಗು ಮಾತಾಡುವ ಮನೆಗಳಲ್ಲಿ ಸಾವಾದಾಗ ಅದನ್ನು ಹಚ್ಚುವ ರೂಢಿ ಬೆಳೆದಿದ್ದರಿಂದ, ಅಂಗಡಿ ಮುಚ್ಚಿದ ಮೇಲೆ ಭಾಯಿಯ ಮನೆಬಾಗಿಲು ಬಡಿದು ಅದನ್ನು ಒಯ್ದವರೂ ಇದ್ದರು. ಬೇರೆ ಯಾವುದು ಮುಗಿದರೂ ಆ ಒಂದು ಕ್ಯಾಸೆಟ್ಟು ಮುಗಿಯಲು ಅವರು ಬಿಡುತ್ತಿರಲಿಲ್ಲ.

ಗಲ್ಲೆಯ ಮೇಲೆ ಎರಡು ಬಾಗಿಲಿನ ಡೆಕ್ಕು. ಅದರಿಂದ ಹೊರಟ ವೈರು ಬೀದಿಗೆ ಮುಖಮಾಡಿದ ಎರಡು ದೊಡ್ಡ ಸ್ಪೀಕರುಗಳಿಗೆ ಹೋಗುತ್ತಿತ್ತು. ಹಾಡು ಮಂಕಾಗಿ ಕೇಳತೊಡಗಿತೆಂದರೆ ಭಾಯಿ ಡೆಕ್ಕಿನ ಬಾಗಿಲು ತೆಗೆದು, ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪಿನಿಂದ ಹಾಡನ್ನು ಓದುವ ಹೆಡ್ಡನ್ನೂ ಅದರ ಪಕ್ಕದ ರಬ್ಬರ್ ಗಾಲಿಯನ್ನೂ ಒರೆಸುತ್ತಿದ್ದರು. ಬಿಳಿಯ ಹತ್ತಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಅದು ಬೀದಿಯ ಧೂಳೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಅದರಲ್ಲಿ ಧೂಳೂ ಇದ್ದಿರಬೇಕು. ಆದರೆ ಹೆಚ್ಚಿನ ಪಾಲು ಟೇಪಿನಿಂದಲೇ ಉದುರಿದ ಲೇಪ. ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನೊಡನೆ ಬಳಿದ ಕಬ್ಬಿಣದ ಆಕ್ಸೈಡ್ ಅದು. ಸೊಂಡೂರಿನ ಗುಡ್ಡಗಳಿಂದ ಅಗೆದು ತೆಗೆಯುವ ಹೆಮಟೈಟ್ ಅದಿರಿಗೂ ಈ ಲೇಪಕ್ಕೂ ರಾಸಾಯನಿಕ ಸೂತ್ರ ಒಂದೇ: ಕಬ್ಬಿಣದ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು. ಹರಳಿನೊಳಗಿನ ಜೋಡಣೆ ಮಾತ್ರ ಬೇರೆ, ಆ ಕಾರಣದಿಂದ ಟೇಪಿನದು ಕಾಂತಕ್ಕೆ ಬಲವಾಗಿ ಸ್ಪಂದಿಸುತ್ತದೆ, ಗುಡ್ಡದ್ದು ಅಷ್ಟಾಗಿ ಸ್ಪಂದಿಸುವುದಿಲ್ಲ. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಕೆಂಧೂಳು ಕುಡಿದು ಬೆಳೆದ ನಮಗೆ, ಹಾಡನ್ನು ಹಿಡಿದಿಡುವುದೂ ಅದೇ ಜಾತಿಯ ಪುಡಿ ಎಂದು ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ರಸಾಯನಶಾಸ್ತ್ರದಲ್ಲಿ ನಮ್ಮ ಅಂಕಗಳು ಸ್ವಲ್ಪವಾದರೂ ಏರುತ್ತಿದ್ದವೇನೋ.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿಯೊಳಗಿನ ಪಟ್ಟಿಯ ಅಗಲ 3.81 ಮಿಲಿಮೀಟರ್, ಅದು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಲೆಕ್ಕ ಹಾಕಿದರೆ ಅರ್ಧ ಗಂಟೆಯ ಒಂದು ಬದಿಗೆ ಸುಮಾರು 86 ಮೀಟರ್ ಪಟ್ಟಿ ಬೇಕು. ಅಷ್ಟುದ್ದದ ಪಟ್ಟಿಯನ್ನು ಬಳ್ಳಾರಿಯ ಬೇಸಿಗೆಯಲ್ಲಿ ಕಾಯ್ದುಕೊಳ್ಳುವುದು ಸುಲಭವಾಗಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಲಾರಿಯ ಗಾಜಿನ ಹಿಂದೆ ಬಿಟ್ಟ ಕ್ಯಾಸೆಟ್ಟಿನ ಡಬ್ಬಿ ಸೊಟ್ಟಗಾಗುತ್ತಿತ್ತು. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಚಿಕ್ಕ ಉಣ್ಣೆಬಟ್ಟೆಯ ತುಣುಕು ಅಂಟು ಒಣಗಿ ಕಳಚಿಬೀಳುತ್ತಿತ್ತು. ಭಾಯಿ ಕೆಟ್ಟ ಕ್ಯಾಸೆಟ್ಟುಗಳಿಂದ ಆ ತುಣುಕುಗಳನ್ನು ಬಿಡಿಸಿ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದರು, ಬೇಕಾದವರಿಗೆ ಅಂಟಿಸಿಕೊಡುತ್ತಿದ್ದರು. ಅದಕ್ಕೆ ದುಡ್ಡು ತೆಗೆದುಕೊಂಡಿದ್ದನ್ನು ನಾನು ಕಂಡಿಲ್ಲ.

ಗೋಡೆಗೊಂದು ಭಾಷೆ ಎಂಬುದು ಭಾಯಿಯ ಅಭಿರುಚಿಯಿಂದ ಬಂದದ್ದಲ್ಲ, ಈ ಸೀಮೆಯ ಚರಿತ್ರೆಯಿಂದ ಬಂದದ್ದು. ಬಳ್ಳಾರಿ 1953ರ ತನಕ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನೊಳಗಿದ್ದು 1956ರಲ್ಲಿ ಇತ್ತ ಸೇರಿದವು. ಕನ್ನಡದ್ದಾಗಲಿ ತೆಲುಗಿನದ್ದಾಗಲಿ ಸಿನಿಮಾ ಹಾಡುಗಳು ಬಹುಕಾಲ ಮದ್ರಾಸಿನಲ್ಲೇ ಧ್ವನಿಮುದ್ರಣಗೊಳ್ಳುತ್ತಿದ್ದವು, ಗುಂತಕಲ್ಲಿನ ಮೂಲಕ ನಮಗೆ ಆ ಕಡೆಯ ರೈಲಿನ ನಂಟು ಮೊದಲಿನಿಂದ ಇದ್ದೇ ಇತ್ತು. ಹೈದರಾಬಾದಿನ ಕಡೆಯಿಂದ ಉರ್ದು ಮತ್ತು ಕವ್ವಾಲಿ ಬಂದವು. ಕೌಲ್ ಬಜಾರಿನ ಹುಡುಗ ತೆಲುಗು ಸಿನಿಮಾದ ಹಾಡು ಕೇಳುವುದು, ಸತ್ಯನಾರಾಯಣಪೇಟೆಯ ತೆಲುಗು ಮನೆಯವರು ರಾಜಕುಮಾರ್ ಹಾಡಿದ ಭಕ್ತಿಗೀತೆ ಒಯ್ಯುವುದು ಇಲ್ಲಿ ಸುದ್ದಿಯೇ ಅಲ್ಲ. ಬೆಂಗಳೂರಿನ ಗೆಳೆಯರಿಗೆ ಇದನ್ನು ವಿವರಿಸಿ ಹೇಳಬೇಕಾದಾಗ ಮಾತ್ರ ನಮ್ಮೂರು ಬೇರೆ ಥರದ್ದು ಎಂಬುದು ನನಗೇ ಹೊಳೆಯುತ್ತದೆ.

ಪ್ಲೇಟುಗಳ ಕಾಲದ ಬಾಲವನ್ನಷ್ಟೇ ನಾನು ಕಂಡಿದ್ದೇನೆ. ನಮ್ಮ ಕಡೆ ಗ್ರಾಮಾಫೋನು ಇದ್ದ ಮನೆಗಳು ವಿರಳ. ಪ್ಲೇಟುಗಳು ಹೆಚ್ಚಾಗಿ ಇದ್ದದ್ದು ಮೈಕ್ ಸೆಟ್ಟಿನವರ ತಗಡಿನ ಟ್ರಂಕುಗಳಲ್ಲಿ. ಮದುವೆಯ ಹಂದರಕ್ಕೆ, ಜಾತ್ರೆಗೆ, ಗಣಪತಿ ಹಬ್ಬಕ್ಕೆ ಮೈಕ್ ಸೆಟ್ಟಿನವನು ಮರದ ಕೊಂಬೆಗೆ ಹಾರ್ನು ಕಟ್ಟಿ ಪ್ಲೇಟು ಹಚ್ಚಿದನೆಂದರೆ ಊರಿಗೆ ಊರೇ ಕೇಳಬೇಕು. ಪೌರಾಣಿಕ ಸಿನಿಮಾಗಳ ಸಂಭಾಷಣೆಯ ರೆಕಾರ್ಡುಗಳನ್ನು ಹೀಗೆ ಕೇಳಿ ಕೇಳಿ ಭೀಮನ ಮಾತು, ದುರ್ಯೋಧನನ ಮಾತು ಬಾಯಿಪಾಠವಾಗಿದ್ದ ಹಮಾಲರು ನಮ್ಮ ಹತ್ತಿ ಮಾರುಕಟ್ಟೆಯಲ್ಲಿದ್ದರು. ರಂಗನಟ ಬಳ್ಳಾರಿ ರಾಘವರ ಊರಿಗೆ ಇದು ತಕ್ಕದ್ದೇ.

ಪ್ಲೇಟಿನ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳನ್ನು ಅರಗಿನಿಂದ ಮಾಡುತ್ತಿದ್ದರು, ಆ ಅರಗು ಬಹುಪಾಲು ಭಾರತದಿಂದಲೇ ಹೊರದೇಶಗಳಿಗೆ ಹೋಗುತ್ತಿತ್ತು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದ ಆಸುಪಾಸಿನಷ್ಟೇ ಹಾಡು ಹಿಡಿಯುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ರೆಕಾರ್ಡು ಕೊಟ್ಟ ಗೌಹರ್ ಜಾನ್ ಹಾಡು ಮುಗಿಸಿ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರುತ್ತಿದ್ದುದು ಈಗಲೂ ಕೇಳಸಿಗುತ್ತದೆ. ಗಂಟೆಗಟ್ಟಲೆ ರಾಗ ಬೆಳೆಸುವವರು ಮೂರು ನಿಮಿಷದೊಳಗೆ ಆಲಾಪ, ಬಂದಿಶು, ತಾನ್ ಎಲ್ಲವನ್ನೂ ಅಡಕಗೊಳಿಸಬೇಕಾಯಿತು. ನಾಟಕದ ಹಾಡುಗಳೂ ಅದೇ ಅಳತೆಗೆ ಕುಗ್ಗಿದವು. ಹಾಡನ್ನು ಹಿಡಿದಿಡುವ ವಸ್ತು ಎಷ್ಟು ಜಾಗ ಕೊಡುತ್ತದೆ ಮತ್ತು ಅದನ್ನು ಮಾಡಲು ಎಷ್ಟು ಖರ್ಚಾಗುತ್ತದೆ ಎಂಬುದರ ಮೇಲೆ ಯಾರ ಹಾಡು ಉಳಿಯುತ್ತದೆ ಎಂಬುದು ನಿಂತಿದೆ ಎಂದು ನನಗೆ ಅನ್ನಿಸಲು ಶುರುವಾದದ್ದು ಇಲ್ಲಿಂದಲೇ.

ಕ್ಯಾಸೆಟ್ಟು ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಪ್ಲೇಟು ಒತ್ತಲು ಕಾರ್ಖಾನೆ ಬೇಕು. ನಮ್ಮ ದೇಶದಲ್ಲಿ ಆ ಕೆಲಸ ಬಹುಕಾಲ ಕಲ್ಕತ್ತೆಯ ಡಂಡಂನಲ್ಲಿದ್ದ ಗ್ರಾಮಾಫೋನ್ ಕಂಪನಿಯ ಹಿಡಿತದಲ್ಲಿತ್ತು. ಕ್ಯಾಸೆಟ್ಟಿಗೆ ಬೇಕಾದದ್ದು ಒಂದು ಕೋಣೆ, ಒಂದಷ್ಟು ಡೆಕ್ಕುಗಳು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದಿತು; ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು. ಆಮೇಲೆ ಸಂಗೀತಾ, ಲಹರಿ ಕಂಪನಿಗಳ ಕ್ಯಾಸೆಟ್ಟುಗಳು ಎಡಗೋಡೆಯನ್ನು ತುಂಬಿದವು. ದಿಲ್ಲಿಯ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಬೆಲೆಯನ್ನೇ ಇಳಿಸಿದ ಮೇಲಂತೂ ಕೂಲಿ ಮಾಡುವವರೂ ಸಂಬಳದ ದಿನ ಒಂದು ಕ್ಯಾಸೆಟ್ಟು ಒಯ್ಯುವಂತಾಯಿತು. ಇವೆಲ್ಲ ಎಲ್ಲ ಊರುಗಳ ಕಥೆಯೇ. ನಮ್ಮ ಸೀಮೆಯ ಕಥೆ ಇದ್ದದ್ದು ಎಡಗೋಡೆಯ ಕೆಳಗಿನ ಎರಡು ಪಟ್ಟಿಗಳಲ್ಲಿ, ಬಗ್ಗಿದರೆ ಮಾತ್ರ ಕಾಣುವಂತೆ. ಅಲ್ಲಿದ್ದ ಕ್ಯಾಸೆಟ್ಟುಗಳ ಮೇಲೆ ನಟನಟಿಯರ ಬಣ್ಣದ ಚಿತ್ರವಿರಲಿಲ್ಲ. ಗುಲಾಬಿ ಕಾಗದದ ಮೇಲೆ ಜೆರಾಕ್ಸ್ ಮಾಡಿದ ಹೆಸರುಗಳು, ಒಂದು ಊರಿನ ಹೆಸರು, ಕೆಲವೊಮ್ಮೆ ಹಾರ್ಮೋನಿಯಂ ಹಿಡಿದು ಕೂತವರ ಕಪ್ಪಾದ ಫೋಟೋ. ಭಜನಾ ಮಂಡಳಿಯವರು ಚಂದಾ ಎತ್ತಿ ಮಾಡಿಸಿದ ತತ್ವಪದಗಳು, ಬಯಲಾಟದ ಪದಗಳು, ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಹಾಡುವ ರಿವಾಯತ್ ಪದಗಳು, ಕಥೆಯನ್ನು ಹಾಡಿ ಹೇಳುವ ಬುರ್ರಕಥೆ. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳು ಮೇಲಿನ ಪಟ್ಟಿಯಲ್ಲಿ, ಅದೇ ಪದಗಳನ್ನು ಏಕತಾರಿ ಮತ್ತು ದಮ್ಮಡಿಯೊಂದಿಗೆ ಹಳ್ಳಿಯವರು ಹಾಡಿದ್ದು ಕೆಳಗಿನ ಪಟ್ಟಿಯಲ್ಲಿ ಇರುತ್ತಿದ್ದವು. ಎರಡನ್ನೂ ಕೇಳಿದವರಿಗೆ ಎರಡೂ ಬೇಕಾಗುತ್ತಿದ್ದವು ಎಂಬುದು ನನ್ನ ಅನುಭವ.

ಇವನ್ನೆಲ್ಲ ನಾನು ಹುಡುಕಿಕೊಂಡು ಹೋದವನಲ್ಲ. ಸಿನಿಮಾ ಹಾಡಿಗೆಂದು ಹೋದಾಗ ಭಾಯಿ, “ಸ್ವಲ್ಪ ತಡಿಯಪ್ಪಾ, ಇವರದೊಂದು ಹಚ್ಚಿ ಕೇಳಿಸ್ತೀನಿ, ಆಮ್ಯಾಲೆ ನಿಂದು” ಎಂದು ಕುರುಗೋಡಿನ ಕಡೆಯಿಂದಲೋ ಸಿರುಗುಪ್ಪದಿಂದಲೋ ಬಂದವರ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕುತ್ತಿದ್ದರು. ಕೊಳ್ಳುವ ಮೊದಲು ಎರಡೂ ಬದಿ ಕೇಳಿ ನೋಡುವುದು ಹಳ್ಳಿಯವರ ಕಟ್ಟುನಿಟ್ಟಾದ ಕ್ರಮ; ಬದನೆಕಾಯಿಯನ್ನು ಹಿಚುಕಿ ನೋಡಿ ಆರಿಸುವವರು ಕ್ಯಾಸೆಟ್ಟನ್ನು ಮಾತ್ರ ಕಣ್ಣುಮುಚ್ಚಿ ಒಯ್ಯುತ್ತಾರೆಯೇ? ಹಾಗೆ ಅವರು ಕೇಳುವಷ್ಟು ಹೊತ್ತು ನಾನೂ ಕೇಳಿದೆ. ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ನನ್ನ ಕಿವಿಗೆ ಮೊದಲ ಸಲ ಬಿದ್ದದ್ದೂ ಹೀಗೆ. ನಿವೃತ್ತ ಮೇಷ್ಟ್ರೊಬ್ಬರು ಆಕಾಶವಾಣಿಯಿಂದ ಮನೆಯಲ್ಲೇ ಹಿಡಿದ ಹಾಡಿನ ಟೇಪನ್ನು ತಂದು ಇನ್ನೊಂದು ಪ್ರತಿ ಮಾಡಿಕೊಡಿ ಎಂದು ಕೂತಿದ್ದರು. ನಡುವೆ ಬಸ್ಸಿನ ಹಾರ್ನು, ಯಾರದೋ ಕೆಮ್ಮು ಸೇರಿದ್ದ ಆ ಟೇಪಿನಲ್ಲಿ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಇಡುವ ದನಿ ಕೇಳಿ ನಾನು ಬಂದ ಕೆಲಸ ಬಿಟ್ಟು ನಿಂತೆ. ರಾಯಚೂರಿನಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅದರ ಮುಂದೆ ಹಾದುಹೋಗುವ ಹುಡುಗರಲ್ಲಿ ಎಷ್ಟು ಮಂದಿಗೆ ಆ ದನಿ ಗೊತ್ತಿದೆ ಎಂದು ಕೇಳಿ ನೋಡಬೇಕು.

ಹಾಡು ತುಂಬಿಸಿಕೊಡುವುದು ಭಾಯಿಯ ಇನ್ನೊಂದು ದಂಧೆ, ನಿಜ ಹೇಳಬೇಕೆಂದರೆ ಲಾಭವಿದ್ದದ್ದು ಅದರಲ್ಲೇ. ಟಿಡಿಕೆಯದೋ ಸೋನಿಯದೋ ಖಾಲಿ ಕ್ಯಾಸೆಟ್ಟು ಕೊಂಡು, ಹಾಡುಗಳ ಪಟ್ಟಿ ಬರೆದುಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಇಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಆರು ಹಾಡು ಆರಾಮಾಗಿ ಹಿಡಿಯುತ್ತವೆ, ಏಳನೆಯದು ಹಾಡಿನ ಉದ್ದ ನೋಡಿ. ಆರು ಹಾಡು ಮುಗಿದು ಮೂರು ನಿಮಿಷ ಉಳಿದರೆ ಏನು ಮಾಡುವುದು? ಕೆಲವರು ಖಾಲಿ ಬಿಡುತ್ತಿದ್ದರು. ಭಾಯಿ ಮಾತ್ರ ಆ ಜಾಗಕ್ಕೆ ತಮಗೆ ಸರಿಕಂಡದ್ದನ್ನು ತುಂಬಿಬಿಡುತ್ತಿದ್ದರು: ಒಂದು ಶಹನಾಯಿ ತುಣುಕು, ಒಂದು ಕವ್ವಾಲಿಯ ಆರಂಭ, ಹಳೆಯ ನಾಟಕದ ಹಾಡಿನ ಪಲ್ಲವಿ. ಕೇಳಿದ್ದಕ್ಕಿಂತ ಕೇಳದೆ ಬಂದ ಆ ಅರೆಬರೆ ತುಣುಕುಗಳ ಬೆನ್ನುಹತ್ತಿ ನಾನು ಕಲಿತದ್ದು ಹೆಚ್ಚು.

ಆ ಪಟ್ಟಿಗಳದ್ದೇ ಒಂದು ಲೋಕ. ಅಂಗಡಿಯ ಮುಂದೆ ನಿಂತವರು ಗಂಡಸರೇ. ಹೆಣ್ಣುಮಕ್ಕಳು ಅಲ್ಲಿ ನಿಂತು ಎರಡು ಬದಿ ಕೇಳಿ ಆರಿಸಿದ್ದನ್ನು ನಾನು ಕಂಡದ್ದು ತೀರ ಕಡಿಮೆ. ಅವರ ಪಟ್ಟಿಗಳು ತಮ್ಮಂದಿರ, ಮಕ್ಕಳ ಕೈಯಲ್ಲಿ ಬರುತ್ತಿದ್ದವು, ನೋಟ್‌ಬುಕ್ಕಿನ ಹಾಳೆಯಲ್ಲಿ ದುಂಡಗೆ ಬರೆದ ಅಕ್ಷರಗಳಲ್ಲಿ, ಸಿನಿಮಾ ಹೆಸರು ನೆನಪಿಲ್ಲದಿದ್ದರೆ ಹಾಡಿನ ಎರಡು ಸಾಲಿನೊಂದಿಗೆ. ನನ್ನ ಅಕ್ಕ ಮತ್ತು ಅವಳ ಗೆಳತಿಯರ ಪಟ್ಟಿಗಳನ್ನು ನಾನು ಒಯ್ದುಕೊಟ್ಟಿದ್ದೇನೆ. ಭಾಯಿ ಅವನ್ನು ಓದಿ, “ಅಕ್ಕಾವ್ರಿಗೆ ಹೇಳಪ್ಪ, ಐದನೇದು ಪ್ರಿಂಟ್ ಚೆನ್ನಾಗಿಲ್ಲ, ಬೇರೆ ಯಾವ್ದಾದ್ರೂ ಬರೀಲಿ ಅಂತ” ಎಂದು ತಿರುಗಿ ಕಳಿಸುತ್ತಿದ್ದರು. ಅಂಗಡಿಯ ಸೊಗಸನ್ನು ಹೊಗಳುವಾಗ ಈ ಬಾಗಿಲು ಅರ್ಧ ಊರಿಗೆ ಅರೆತೆರೆದೇ ಇತ್ತು ಎಂಬುದನ್ನು ಬಿಟ್ಟು ಬರೆದರೆ ಅದು ಸುಳ್ಳು ನೆನಪಾಗುತ್ತದೆ. ಇಂದು ನನ್ನ ಅಕ್ಕ ಅಡುಗೆಮನೆಯಲ್ಲಿ ಮೊಬೈಲನ್ನು ಡಬ್ಬಿಗೆ ಒರಗಿಸಿಟ್ಟು ಬೇಕಾದ ಹಾಡನ್ನು ಬೇಕಾದ ಕ್ಷಣಕ್ಕೆ ಕೇಳುತ್ತಾಳೆ, ಯಾರ ಕೈಯಲ್ಲೂ ಪಟ್ಟಿ ಕಳಿಸಬೇಕಾಗಿಲ್ಲ. ಕ್ಯಾಸೆಟ್ಟಿನ ಕಾಲ ಮತ್ತೆ ಬರಲಿ ಎಂದು ಅವಳೆದುರು ನಾನು ಹೇಳಲಾರೆ. ಹೀಗೆ ತುಂಬಿಸಿಕೊಟ್ಟ ಹಾಡುಗಳಿಂದ ಹಾಡಿದವರಿಗೆ, ರಾಗ ಹಾಕಿದವರಿಗೆ ಚಿಕ್ಕಾಸೂ ಹೋಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕ್ಯಾಸೆಟ್ಟಿನ ಕೊನೆಯ ದೊಡ್ಡ ಗಿರಾಕಿಗಳು, ನಾನು ಕಂಡಂತೆ, ಲಾರಿ ಚಾಲಕರು. 2000ದ ದಶಕದಲ್ಲಿ ಅದಿರಿಗೆ ಚೀನಾದಿಂದ ಬೇಡಿಕೆ ಏರಿ ಸೊಂಡೂರು, ಹೊಸಪೇಟೆಯ ರಸ್ತೆಗಳೆಲ್ಲ ಲಾರಿಗಳಾದಾಗ, ಬೇರೆಡೆ ಸಿಡಿ ಬಂದು ಹಳತಾಗಿದ್ದರೂ ಇಲ್ಲಿ ಕ್ಯಾಸೆಟ್ಟು ಓಡುತ್ತಿತ್ತು. ಕುಣಿಯುವ ರಸ್ತೆಯಲ್ಲಿ ಸಿಡಿ ಎಗರುತ್ತದೆ, ಕ್ಯಾಸೆಟ್ಟು ಎಗರುವುದಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯುವ ಹೊತ್ತಿಗೆ ಭಾಯಿಯ ಗೋಡೆಗಳು ಖಾಲಿಯಾಗಿದ್ದವು, ಗಲ್ಲೆಯ ಮೇಲೆ ಡೆಕ್ಕಿನ ಬದಲು ಕಂಪ್ಯೂಟರ್ ಕೂತಿತ್ತು. ಮೆಮೊರಿ ಕಾರ್ಡಿಗೆ ಹಾಡು ಹಾಕುವ ಆ ಕೆಲವು ವರ್ಷಗಳನ್ನು ಯಾರೂ ನೆನೆಯುವುದಿಲ್ಲ, ಆದರೆ ನನ್ನ ಮಟ್ಟಿಗೆ ಅಂಗಡಿಯ ಗುಣ ಅಲ್ಲಿಯವರೆಗೂ ಉಳಿದಿತ್ತು. ಹಾಡು ಹಾಕಿಸಲು ಬಂದವನು ಅಲ್ಲೇ ನಿಲ್ಲಬೇಕಿತ್ತು, ಭಾಯಿ ಪಟ್ಟಿಯಲ್ಲಿಲ್ಲದ ಒಂದೆರಡನ್ನು ಸೇರಿಸುತ್ತಲೇ ಇದ್ದರು. ಅಗ್ಗದ ಇಂಟರ್‌ನೆಟ್ ಮನೆಮನೆಗೆ ಬಂದಮೇಲೆ ನಿಲ್ಲುವ ಅಗತ್ಯವೇ ತಪ್ಪಿತು. ಈಗ ಮೊಬೈಲು ನಾನು ನಿನ್ನೆ ಕೇಳಿದ್ದನ್ನು ನೋಡಿ ಅದರಂಥದ್ದನ್ನೇ ಇವತ್ತು ಮುಂದಿಡುತ್ತದೆ. ಕುರುಗೋಡಿನಿಂದ ಬಂದವರಿಗೆ ಏನು ಬೇಕಿತ್ತು ಎಂದು ನನಗೆ ತಿಳಿಯುವ ದಾರಿ ಅದರಲ್ಲಿಲ್ಲ.

ಅಮೆರಿಕದಲ್ಲಿ ರೆಕಾರ್ಡುಗಳಿಗೆ ಮರುಜೀವ ಬಂದಿದೆ ಎಂದು ಆಗಾಗ ಓದುತ್ತೇವೆ. ಅದು ಸುಳ್ಳಲ್ಲ: 2022ರಲ್ಲಿ ಅಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾದವು, ಸಿಡಿಗಳು 3.3 ಕೋಟಿ, 1987ರ ನಂತರ ಸಂಖ್ಯೆಯಲ್ಲಿ ರೆಕಾರ್ಡು ಸಿಡಿಯನ್ನು ಹಿಂದಿಕ್ಕಿದ್ದು ಅದೇ ಮೊದಲು. ಬೆಂಗಳೂರಿನಲ್ಲೂ ಕೊಳ್ಳುವವರಿದ್ದಾರೆ. ಅವರ ಸಂತೋಷಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಆ ಮರುಜೀವ ಹೆಸರಾಂತ ಹಾಡುಗಾರರ ಹೊಸ ಅಚ್ಚುಗಳಿಗೆ ಬಂದದ್ದು. ಗುಲಾಬಿ ಕಾಗದದ ಕ್ಯಾಸೆಟ್ಟುಗಳಿಗೆ ಅದು ಬರುವುದಿಲ್ಲ. ಅವುಗಳ ಮೂಲ ಪ್ರತಿ ಯಾವ ಕಂಪನಿಯ ಕಪಾಟಿನಲ್ಲೂ ಇಲ್ಲ. ನೂರಿನ್ನೂರು ಪ್ರತಿ ಮಾಡಿಸಿ ಹಂಚಿದವು ಅವು. ಉಳಿದಿದ್ದರೆ ಯಾರದೋ ಅಟ್ಟದ ಮೇಲೆ, ಇಲ್ಲವೇ ಗುಜರಿಯವನ ಚೀಲದಲ್ಲಿ.

ಹಾಗಾಗಿ ಈಚೆಗೆ ನಾನು ಅಂಥವನ್ನು ಸಿಕ್ಕಲ್ಲಿ ಕೇಳಿ ತಂದು, ಹಳೆಯ ಡೆಕ್ಕೊಂದನ್ನು ರಿಪೇರಿ ಮಾಡಿಸಿಕೊಂಡು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಕೆಲಸ ನಿಧಾನದ್ದು, ಒಂದು ಗಂಟೆಯ ಕ್ಯಾಸೆಟ್ಟು ಇಳಿಸಲು ಒಂದು ಗಂಟೆಯೇ ಬೇಕು. ಮೊದಲು ಎರಡೂ ಕಡೆಗೆ ಒಮ್ಮೆ ಪೂರ್ತಿ ಓಡಿಸಿ ಅಂಟಿಕೊಂಡ ಸುತ್ತುಗಳನ್ನು ಬಿಡಿಸಬೇಕು, ಡಬ್ಬಿ ಸೊಟ್ಟಗಾಗಿದ್ದರೆ ಟೇಪನ್ನು ಬೇರೆ ಡಬ್ಬಿಗೆ ವರ್ಗಾಯಿಸಬೇಕು, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ದನಿ ತಿಳಿಯಾಗುವ ಕೋನ ಹಿಡಿಯಬೇಕು. ಹೋದ ವರ್ಷ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಪರಿಚಯವಾದ ಲಿಂಗಸುಗೂರು ಕಡೆಯ ಒಬ್ಬರು, ಮುದಗಲ್ಲಿನ ಮೊಹರಮ್ಮಿಗೆ ತಮ್ಮ ತಂದೆಯ ಮೇಳದವರು ಹಾಡಿದ ರಿವಾಯತ್ ಪದಗಳ ಕ್ಯಾಸೆಟ್ಟು ಮನೆಯಲ್ಲಿದೆ ಎಂದರು. ಕಳಿಸಿಕೊಟ್ಟರು. ಬಿ ಬದಿಯ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿಬಿಟ್ಟಿದ್ದರು. ಎ ಬದಿ ಚೆನ್ನಾಗಿತ್ತು. ಕರ್ಬಲಾದ ಕಥೆ ನಮ್ಮ ಮಾತಿನಲ್ಲಿ, ಮುಂದಾಳು ಎತ್ತಿಕೊಟ್ಟ ಸಾಲನ್ನು ಹತ್ತಾರು ದನಿಗಳು ಹಿಡಿದು ಹಿಂದಿರುಗಿಸುತ್ತ, ನಡುನಡುವೆ ಹಲಗೆಯ ಪೆಟ್ಟು.

ಇಳಿಸಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಕಳಿಸಿದೆ. ವಾರ ಬಿಟ್ಟು ಅವರ ಫೋನು ಬಂತು, ಹಿನ್ನೆಲೆಯಲ್ಲಿ ಟ್ರ್ಯಾಕ್ಟರಿನ ಸದ್ದು, ಅದಕ್ಕಿಂತ ಜೋರಾಗಿ ಅದೇ ಪದ. ಮಗ ಟ್ರ್ಯಾಕ್ಟರಿನ ಡೆಕ್ಕಿಗೆ ಹಾಕಿಕೊಂಡು ಹೊಲಕ್ಕೆ ಹೊರಟಿದ್ದಾನೆ, ಕೂಲಿಗೆ ಬಂದವರು ಮತ್ತೆ ಮತ್ತೆ ಹಚ್ಚಿಸುತ್ತಿದ್ದಾರೆ, ಪಕ್ಕದ ಹೊಲದವರೂ ಒಂದು ಪ್ರತಿ ಕೇಳಿದ್ದಾರೆ ಎಂದರು. ನಾನು ಹಿಗ್ಗಿ, ದನಿ ಹೇಗೆ ಬಂದಿದೆ ಎಂದು ಕೇಳಿದೆ. “ಎಲ್ಲಾ ಚಲೋ ಐತ್ರಿ ಸರ, ಹುಡುಗ ಮಾತ್ರ ಬಾಸ್ ಕಮ್ಮಿ ಆತು ಅಂತಾನ. ಸ್ವಲ್ಪ ಏರಿಸಿ ಇನ್ನೊಮ್ಮೆ ಕಳಸ್ರಿ.”